ಅಡ್ಡಹೆಸರು: ಒಂದು ಪದ, ಎರಡು ಅರ್ಥ

'ನಿಮ್ಮ ಅಡ್ಡಹೆಸರ ಏನ್ರೀ?' ವಿಜಯಪುರದ ಜಲನಗರದಲ್ಲಿ ಹೀಗೆ ಕೇಳಿದರೆ ಪಾಟೀಲ, ಬಡಿಗೇರ, ಕುಲಕರ್ಣಿ, ಉಳ್ಳಾಗಡ್ಡಿ ಎಂಬ ಉತ್ತರ ಸಲೀಸಾಗಿ ಬರುತ್ತದೆ. ಮೈಸೂರಿನಲ್ಲಿ ಇದೇ ಪ್ರಶ್ನೆ ಕೇಳಿದರೆ ಎದುರಿನವರು ಮುಖ ಗಂಟಿಕ್ಕಿಯಾರು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರೆಂದರೆ ಮನೆತನದ ಹೆಸರು. ದಕ್ಷಿಣದಲ್ಲಿ ಅದು ಗೆಳೆಯರು ತಮಾಷೆಗೆ ಇಟ್ಟ ಹೆಸರು.

ಈ ಗೊಂದಲ ಕನ್ನಡದ್ದು ಮಾತ್ರವಲ್ಲ. ಇಂಗ್ಲಿಷಿನಲ್ಲಿ ಮನೆತನದ ಹೆಸರು ಸರ್‌ನೇಮ್, ತಮಾಷೆಯ ಹೆಸರು ನಿಕ್‌ನೇಮ್. ಇಂದು ಇವೆರಡೂ ಬೇರೆ ಬೇರೆ. ಮೂಲದಲ್ಲಿ ಬಹುಮಟ್ಟಿಗೆ ಒಂದೇ. ಸರ್‌ನೇಮ್‌ನ 'ಸರ್' ಫ್ರೆಂಚಿನಿಂದ ಬಂದದ್ದು, 'ಮೇಲೆ' ಎಂಬ ಅರ್ಥದ್ದು. ನಿಕ್‌ನೇಮ್ ಮೊದಲು 'ಈಕ್‌ನೇಮ್' ಆಗಿತ್ತು. 'ಈಕ್' ಎಂದರೆ ಹೆಚ್ಚಿನದು. ಹಿಂದಿದ್ದ 'ಆನ್' ಎಂಬುದರ ನಕಾರ ಅಂಟಿಕೊಂಡು ಈಗಿನ ರೂಪ ಬಂತು. ಎರಡೂ ಇಟ್ಟ ಹೆಸರಿಗೆ ಕೂಡಿದ ಹೆಸರುಗಳೇ. ನಮ್ಮ ಅಡ್ಡಹೆಸರೂ ಅಷ್ಟೇ.

ವಚನಗಳ ತಾಳೆಗರಿ ಸಂಗ್ರಹಿಸಿ ವಿಜಯಪುರದಿಂದ ಪ್ರಕಟಿಸಿದ ಫ.ಗು. ಹಳಕಟ್ಟಿಯವರ ಹೆಸರನ್ನೇ ನೋಡಬಹುದು. ಫಕೀರಪ್ಪ ಅವರದು, ಗುರುಬಸಪ್ಪ ತಂದೆಯದು, ಹಳಕಟ್ಟಿ ಮನೆತನದ್ದು. ಕೆ.ವಿ. ಪುಟ್ಟಪ್ಪ ಎಂಬಲ್ಲಿ ಈ ಕ್ರಮ ತಿರುಗುಮುರುಗು: ಕುಪ್ಪಳಿ ಊರು, ವೆಂಕಟಪ್ಪ ತಂದೆ, ಕೊನೆಯ ಪುಟ್ಟಪ್ಪ ಅವರದೇ ಹೆಸರು.

ಪಾಸ್‌ಪೋರ್ಟ್ ಅರ್ಜಿಯ ಸರ್‌ನೇಮ್ ಎಂಬ ಕಲಮು ತುಂಬುವಾಗ ಈ ವ್ಯತ್ಯಾಸ ತೊಡಕಾಗುತ್ತದೆ. ವಿಜಯಪುರದ ಪಾಟೀಲರಿಗೆ ಅದು ಸುಲಭ. ಮನೆತನದ ಹೆಸರನ್ನೇ ಬಳಸದ ದಕ್ಷಿಣದವರು ಅಲ್ಲಿ ತಂದೆಯ ಹೆಸರನ್ನೋ ಊರನ್ನೋ ಬರೆಯುತ್ತಾರೆ. ವಿದೇಶಕ್ಕೆ ಹೋದ ಮೇಲೆ ಎಲ್ಲರೂ ಅವರನ್ನು ತಂದೆಯ ಹೆಸರಿನಿಂದಲೇ ಕರೆಯುವುದುಂಟು. ಅಂಕಪಟ್ಟಿಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರಂತೂ ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ಬರೆದುಕೊಡಬೇಕಾಗುತ್ತದೆ.

ತಾವೇ ಆಯ್ದುಕೊಂಡ ಹೆಸರಿನ ಬಗೆ ಬೇರೆ. ಹಲಸಂಗಿಯ ಚೆನ್ನಮಲ್ಲಪ್ಪ ಗಲಗಲಿಯವರನ್ನು ನಾಡು ಬಲ್ಲದ್ದು ಮಧುರಚೆನ್ನ ಎಂಬ ಕಾವ್ಯನಾಮದಿಂದ. ಅಂಕಿತ ಇನ್ನೂ ಭಿನ್ನ. ಇದೇ ಜಿಲ್ಲೆಯಲ್ಲಿ ಹುಟ್ಟಿದ ಬಸವಣ್ಣನವರ 'ಕೂಡಲಸಂಗಮದೇವ' ಬರೆದವರ ಹೆಸರಲ್ಲ, ದೇವರ ಹೆಸರು. ಆದರೂ ವಚನ ಯಾರದೆಂದು ಗುರುತಿಸುವುದು ಅದರಿಂದಲೇ.

ಊರಿನ ಹೆಸರನ್ನು ಸರ್ಕಾರ ಬದಲಿಸಬಲ್ಲದು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಆದರೆ 'ಬಿಜಾಪುರ' ಎಂಬ ಅಡ್ಡಹೆಸರಿನ ಮನೆತನಗಳು ಇಂದಿಗೂ ಬಿಜಾಪುರವೇ. ಊರಿನಿಂದ ಬಂದ ಹೆಸರು ಮನೆ ಸೇರಿದ ಮೇಲೆ ಮನೆಯ ಸೊತ್ತು.