ಚಳಿಗಾಲದ ಕತ್ತಲಲ್ಲಿ ಡೇರಿಗೆ ಸೈಕಲ್ ತುಳಿಯುವ ಮುನ್ನ

ಹೈನುಗಾರ ಅಕ್ಕಂದಿರೇ,

ಮೇವು, ಲಸಿಕೆ, ಕೆಚ್ಚಲು ಬಾವಿನ ಬಗ್ಗೆ ಬರೆಯಬೇಕಾದ ನಾನು ಈ ಸಲ ನಿಮ್ಮ ಸೈಕಲ್ಲಿನ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಿದೆ.

ಹೋದ ಜನವರಿಯಲ್ಲಿ ಒಂದು ದಿನ ಬೆಳಗಿನ ಆರು ಗಂಟೆಗೆ ಬಂಡೂರಿನ ಕಡೆಯಿಂದ ಫೋನ್ ಬಂತು. ಹಸು ಕರು ಹಾಕಲು ತಿಣುಕುತ್ತಿದೆ ಎಂದರು. ಬೈಕ್ ಹತ್ತಿ ಹೊರಟೆ. ಗದ್ದೆ ಬಯಲಿನ ತುಂಬ ಮಂಜು. ಮುಂದೆ ಸೈಕಲ್ ಇದೆ ಎಂದು ಕಂಡಾಗ ಅದು ಹತ್ತು ಮಾರು ದೂರದಲ್ಲಿತ್ತು. ಬ್ರೇಕ್ ಹಿಡಿದೆ, ಬೈಕ್ ಜಾರಿತು, ಇಬ್ಬರೂ ಬಿದ್ದೆವು. ಕಾಲೇಜಿಗೆ ಹೋಗುವ ಹುಡುಗಿ. ಮೊಣಕೈ ತರಚಿ ರಕ್ತ ಬರುತ್ತಿತ್ತು. ಅವಳು ನೋಡಿದ್ದು ಮೊಣಕೈಯನ್ನಲ್ಲ, ಕ್ಯಾನನ್ನು. "ಹಾಲೆಲ್ಲ ಚೆಲ್ಲೋಯ್ತಲ್ಲ ಡಾಕ್ಟ್ರೇ, ಅವ್ವಂಗೆ ಏನ್ ಹೇಳ್ಲಿ?" ಎಂದಳು.

ತಪ್ಪು ನನ್ನದು. ಮಂಜಿನಲ್ಲಿ ಅಷ್ಟು ಜೋರಾಗಿ ಬರಬಾರದಿತ್ತು. ಆದರೆ ಸೈಕಲ್ ಎತ್ತುವಾಗ ಒಂದು ವಿಷಯ ಗಮನಿಸಿದೆ. ಹಿಂದಿನ ಮಡ್‌ಗಾರ್ಡಿನಲ್ಲಿ ಕೆಂಪು ರಿಫ್ಲೆಕ್ಟರ್ ಇತ್ತು. ಕ್ಯಾರಿಯರಿಗೆ ಕಟ್ಟಿದ್ದ ಚೀಲ ಅದರ ಮೇಲೆ ಇಳಿಬಿದ್ದು ಪೂರ್ತಿ ಮುಚ್ಚಿತ್ತು. ಅವಳು ಹೊದ್ದಿದ್ದ ಶಾಲು ಕಪ್ಪು.

ನಮ್ಮ ಹಳ್ಳಿಗಳಲ್ಲಿ ಇಂಥ ಸೈಕಲ್ಲುಗಳು ಬಹಳ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಶಾಲೆ ಮುಗಿದ ಮೇಲೂ ಮನೆಯಲ್ಲಿ ಉಳಿದು, ಈಗ ಹಾಲು, ಹುಲ್ಲು, ಬೂಸಾ ಹೊರುತ್ತಿವೆ. ಹೊರೆ ಬಂದ ಕೂಡಲೇ ರಿಫ್ಲೆಕ್ಟರ್ ಮರೆಯಾಗುತ್ತದೆ.

ಸಂಕ್ರಾಂತಿ ಕಳೆದರೆ ಬೇಗ ಬೆಳಕಾಗುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಸಂಜೆಯ ಮಟ್ಟಿಗೆ ಅದು ನಿಜ, ಬೆಳಗಿನ ಮಟ್ಟಿಗೆ ಅಲ್ಲ. ನಮ್ಮ ಭಾಗದಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ನವೆಂಬರಿನಲ್ಲಿ, ಸಂಜೆ ಆರಕ್ಕೂ ಮೊದಲು. ಅತಿ ತಡವಾಗಿ ಹುಟ್ಟುವುದು ಜನವರಿಯ ಕೊನೆಯ ವಾರಗಳಲ್ಲಿ, ಸುಮಾರು ಆರೂ ಮುಕ್ಕಾಲಿಗೆ. ಅಂದರೆ ನವೆಂಬರಿನಲ್ಲಿ ಸಂಜೆಯ ಹಾಲಿಗೆ ಕತ್ತಲೆ, ಜನವರಿಯಲ್ಲಿ ಬೆಳಗಿನ ಹಾಲಿಗೆ ಕತ್ತಲೆ. ಫೆಬ್ರವರಿ ಬರುವವರೆಗೆ ಎಚ್ಚರ ಬಿಡಬೇಡಿ.

"ದಾರಿ ನನಗೆ ಗೊತ್ತು, ಕಣ್ಣು ಮುಚ್ಚಿಕೊಂಡು ಹೋಗ್ತೀನಿ" ಎನ್ನುವವರಿದ್ದೀರಿ. ನಿಮಗೆ ದಾರಿ ಕಾಣುತ್ತದೆಯೇ ಎಂಬುದಲ್ಲ, ಹಿಂದಿನಿಂದ ಬರುವವನಿಗೆ ನೀವು ಕಾಣುತ್ತೀರಾ ಎಂಬುದೇ ಮುಖ್ಯ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಓಡುತ್ತದೆ. ನೋಡಿ, ಗಾಬರಿಯಾಗಿ, ಬ್ರೇಕ್ ಒತ್ತುವಷ್ಟರಲ್ಲಿ ಅದು ನಿಮ್ಮ ಹತ್ತಿರ ಬಂದಿರುತ್ತದೆ.

ಆದ್ದರಿಂದ ಇಷ್ಟು ಮಾಡಿ:

ಹೊರೆ ಕಟ್ಟಿದ ಮೇಲೆ ಹಿಂದೆ ಹೋಗಿ ನಿಂತು ನೋಡಿ. ಕೆಂಪು ಕಾಣದಿದ್ದರೆ ಚೀಲದ ಹೊರಗೆ, ಕ್ಯಾನಿನ ಕೆಳಭಾಗಕ್ಕೆ ಕೆಂಪು ರೇಡಿಯಂ ಪಟ್ಟಿ ಅಂಟಿಸಿ. ಬಾಯಿಯ ಹತ್ತಿರ ಬೇಡ, ತೊಳೆಯಲು ತೊಡಕು. ಮುಂದೆ ಬಿಳಿ ಪಟ್ಟಿ ಇರಲಿ. ಪೆಡಲಿನ ರಿಫ್ಲೆಕ್ಟರಿನ ಕೆಸರು ಒರೆಸಿ. ಮೇಲೆ ಕೆಳಗೆ ಆಡುವ ಬೆಳಕು ಬೇಗ ಕಣ್ಣಿಗೆ ಬೀಳುತ್ತದೆ.

ಡೈನಮೋ ದೀಪ ಸೈಕಲ್ ನಿಂತರೆ ಆರುತ್ತದೆ. ಹಿಂದೆ ಬ್ಯಾಟರಿಯ ಕೆಂಪು ದೀಪ ಹಾಕಿಸಿ.

ಕ್ಯಾನನ್ನು ಹ್ಯಾಂಡಲಿನ ಒಂದೇ ಕಡೆ ತೂಗುಹಾಕಬೇಡಿ. ಹತ್ತು ಲೀಟರ್ ಹಾಲೆಂದರೆ ಹತ್ತು ಕಿಲೋ ಮೀರಿದ ಭಾರ, ಹಳ್ಳ ಬಂದರೆ ಹ್ಯಾಂಡಲ್ ಎಳೆಯುತ್ತದೆ. ಶಾಲು ತಿಳಿ ಬಣ್ಣದ್ದಿರಲಿ, ಕಿವಿ ಬಿಗಿಯಾಗಿ ಮುಚ್ಚದಿರಲಿ. ಸೆರಗು ಸಿಕ್ಕಿಸಿಕೊಳ್ಳಿ.

ಕಬ್ಬಿನ ಗಾಡಿ, ಟ್ರೈಲರ್ ದೀಪವಿಲ್ಲದೆ ರಸ್ತೆ ಬದಿ ನಿಂತಿರುವುದುಂಟು. ಮಂಜು ದಟ್ಟವಾಗಿದ್ದರೆ, ನಾಲೆ ಏರಿಯ ಮೇಲಿದ್ದರೆ ಇಳಿದು ತಳ್ಳಿಕೊಂಡು ಹೋಗಿ.

ಇನ್ನು ನನ್ನ ಕೆಲಸಕ್ಕೆ ಸೇರಿದ ಎರಡು ಮಾತು.

ಹಾಲು ಕರೆಯುವ ಹೊತ್ತು ಬದಲಿಸಿದರೆ ಹಸು ಹಾಲು ಇಳಿಸುವುದಿಲ್ಲ ಎಂಬ ಅಂಜಿಕೆ ಬೇಡ. ದಿನಕ್ಕೆ ಹತ್ತು ನಿಮಿಷದಂತೆ ಬದಲಿಸಿ, ಎರಡು ಹೊತ್ತಿನ ನಡುವಿನ ಅಂತರ ಹಾಗೇ ಉಳಿಸಿಕೊಂಡರೆ ಅದು ಹೊಂದಿಕೊಳ್ಳುತ್ತದೆ. ಚಳಿಗಾಲದಲ್ಲಿ ಬೆಳಗಿನ ಹಾಲು ತೆಗೆದುಕೊಳ್ಳುವ ಸಮಯವನ್ನು ಅರ್ಧ ಗಂಟೆ ಮುಂದಕ್ಕೆ ಹಾಕಲು ಸಾಧ್ಯವೇ ಎಂದು ಸಂಘದ ಸಭೆಯಲ್ಲಿ ಕೇಳಿ. ಹಾಲಿನ ವಾಹನದ ಹೊತ್ತಿಗೂ ಅದು ಹೊಂದಬೇಕು, ಹಾಗಾಗಿ ಒಬ್ಬೊಬ್ಬರೇ ಕೇಳುವ ಬದಲು ಎಲ್ಲರೂ ಸೇರಿ ಕೇಳಿ.

ಎರಡನೆಯದು, ಸಂಜೆ ಹಸು ಬೆದೆಗೆ ಬಂತೆಂದು ರಾತ್ರಿಯೇ ಸೈಕಲ್ ಹತ್ತಬೇಡಿ. ಸಂಜೆ ಬೆದೆ ಕಂಡರೆ ಮರುದಿನ ಬೆಳಗ್ಗೆ ಗರ್ಭಧಾರಣೆ ಮಾಡಿಸುವುದೇ ಸರಿಯಾದ ಹೊತ್ತು. ಹೊಟ್ಟೆಯುಬ್ಬರ, ಹಾಲು ಜ್ವರ, ಕರು ಹಾಕಲು ಕಷ್ಟ, ಇವು ಕಾಯುವಂಥವಲ್ಲ. ಆದರೂ ಕತ್ತಲಲ್ಲಿ ಡಾಕ್ಟರನ್ನು ಹುಡುಕಿಕೊಂಡು ಹೊರಡುವ ಮೊದಲು ಫೋನ್ ಮಾಡಿ. ಪಶು ಸಂಜೀವಿನಿ ಸಹಾಯವಾಣಿ 1962.

ಅಂದು ಹಸು ಕರು ಹಾಕಿತು, ಎರಡೂ ಚೆನ್ನಾಗಿವೆ. ಬರುವಾಗ ಆ ಹುಡುಗಿಯ ಮನೆಗೆ ಹೋದೆ. ಅವರವ್ವ ಬಯ್ಯಲಿಲ್ಲ. ಮಗಳ ಕೈಗೆ ಅರಿಶಿನ ಹಚ್ಚುತ್ತಾ, "ಹಾಲು ಸಂಜೆಗೆ ಇನ್ನೊಂದ್ ಸಲ ಕರೀಬೋದು ಬುಡವ್ವ" ಎಂದರು.

ಹದಿನೈದು ದಿನ ಕಳೆದು ಅದೇ ದಾರಿಯಲ್ಲಿ ಬರುತ್ತಿದ್ದೆ. ದೂರದಲ್ಲಿ ಕೆಂಪಗೆ ಏನೋ ಹೊಳೆಯಿತು. ವೇಗ ತಗ್ಗಿಸಿದೆ. ಅವಳೇ, ಕ್ಯಾನಿಗೆ ಪಟ್ಟಿ ಅಂಟಿಸಿದ್ದಳು.