ಬಾಲಕ್ಕೆ ಹಿಡಿದ ಚಳಿ

ಜನವರಿಯ ಬೆಳಗು. ಕಲಬುರಗಿಯ ಹುಮನಾಬಾದ್ ಬೇಸ್ ದಾಟಿ, ಮಹಾಗಾಂವ್ ಕ್ರಾಸ್ ಹಿಂದೆ ಬಿಟ್ಟು ಕಮಲಾಪುರದ ಕಡೆ ಹೊರಟರೆ ಎರಡೂ ಬದಿ ತೊಗರಿ ಕೊಯ್ದ ಕರಿ ಹೊಲ. ರಸ್ತೆಯಿಂದ ಒಂದಿಷ್ಟು ಒಳಗೆ ಡಾಂಬರ್ ಪ್ಲಾಂಟು. ಜಲ್ಲಿಯ ರಾಶಿ, ಟಿಪ್ಪರ್‌ಗಳ ಸಾಲು, ಎಲ್ಲ ತಯಾರು. ಕೆಲಸ ಮಾತ್ರ ಶುರುವಾಗಿಲ್ಲ. ರಾತ್ರಿ ಬಂದು ನಿಂತ ಟ್ಯಾಂಕರಿನ ಹಿಂಬದಿಯ ವಾಲ್ವು ತಿರುಗಲೊಲ್ಲದು.

ಟ್ಯಾಂಕಿನ ಹೊಟ್ಟೆಯಲ್ಲಿ ಡಾಂಬರು ಇನ್ನೂ ಸುಡುತ್ತಿದೆ. ಅದಕ್ಕೆ ದಪ್ಪ ಹೊದಿಕೆಯಿದೆ, ಒಳಗೆ ಬರ್ನರಿನ ಉರಿ ಹಾಯುವ ಕೊಳವೆಯಿದೆ. ಬಾಲದಂತೆ ಹೊರಗೆ ಚಾಚಿದ ವಾಲ್ವಿಗೆ ಯಾವ ಕಂಬಳಿಯೂ ಇಲ್ಲ. ಹೋದ ಸಲ ಖಾಲಿ ಮಾಡಿದಾಗ ಅದರೊಳಗೆ ಉಳಿದ ಬೊಗಸೆಯಷ್ಟು ಡಾಂಬರು ಕಲ್ಲಾಗಿ ಕೂತಿದೆ.

ಮೇ ತಿಂಗಳ 43–44 ಡಿಗ್ರಿಗೆ ಕಲಬುರಗಿಯ ಮಂದಿ ಕರಗಿಹೋಗುತ್ತಾರೆ, ಇದು ಜಗ್ಗುವುದಿಲ್ಲ. ರಸ್ತೆಗೆ ಹಾಕುವ ವಿಜಿ-30 ದರ್ಜೆಯದು ಮೆತ್ತಗಾಗಲಿಕ್ಕೇ ಕನಿಷ್ಠ 47 ಡಿಗ್ರಿ ಬೇಕು. 60 ಡಿಗ್ರಿಯಲ್ಲೂ ನೀರಿಗಿಂತ ಲಕ್ಷಗಟ್ಟಲೆ ಪಟ್ಟು ಮಂದ. ಜಲ್ಲಿಗೆ ಬೆರೆಯಲು 150ರ ಆಸುಪಾಸು ಕಾಯಬೇಕು. ಅಂದಹಾಗೆ ಇದು ಕಲ್ಲಿದ್ದಲಿನ ಡಾಂಬರಲ್ಲ, ಕಚ್ಚಾ ತೈಲ ಬಟ್ಟಿಯಿಳಿಸಿದಾಗ ತಳದಲ್ಲಿ ಉಳಿಯುವ ಬಿಟುಮೆನ್. ನಮ್ಮ ಬಾಯಲ್ಲಿ ಹಳೇ ಹೆಸರೇ ನಿಂತಿದೆ.

ಕ್ಲೀನರ್ ಹುಡುಗ ಸುತ್ತಿಗೆ ಎತ್ತಿದ.

"ಹೊಡಿಬ್ಯಾಡೋ, ಮುರಿತದ. ಮೊದ್ಲು ಕಾಸು," ಅಂದರು ಡ್ರೈವರ್ ಕಾಕಾ.

"ಎಷ್ಟೊತ್ತನಕಾ ಕಾಸ್ಬೇಕು ಕಾಕಾ?"

"ಅದು ಅಳೂತನಕಾ."

ಕಾಕಾ ಗ್ಯಾಸಿನ ಉರಿಯನ್ನು ಮೊದಲು ಹಿಡಿದದ್ದು ವಾಲ್ವಿನ ಬಾಯಿಗೆ. ಅಲ್ಲಿಂದ ಇಂಚಿಂಚಾಗಿ ಟ್ಯಾಂಕಿನತ್ತ. ಒಂದೇ ಜಾಗಕ್ಕೆ ಉರಿ ನಿಲ್ಲಿಸಲಿಲ್ಲ, ರೊಟ್ಟಿ ಸುಡುವವರ ಹಾಗೆ ಆಡಿಸುತ್ತಲೇ ಇದ್ದರು. ಡಾಂಬರು ಕಾದಂತೆ ಹಿಗ್ಗುತ್ತದೆ. ಬಾಯಿ ಬಿಗಿದಿರುವಾಗ ಗಂಟಲು ಕಾಸಿದರೆ, ಹಿಗ್ಗಿದ್ದಕ್ಕೆ ದಾರಿಯಿಲ್ಲದೆ ವಾಲ್ವೇ ಬಿರಿದೀತು. ನೀರಂತೂ ಹತ್ತಿರ ಸುಳಿಯಬಾರದು. ಒಳಗೆ ಬಿದ್ದ ಹನಿ ಆವಿಯಾಗಿ ಸಾವಿರ ಪಟ್ಟಿಗೂ ಮಿಕ್ಕಿ ಉಬ್ಬುತ್ತದೆ. ಕಾದ ಡಾಂಬರು ನೊರೆಯೆದ್ದು ಮೈಮೇಲೆ ಬರುತ್ತದೆ.

ಪಕ್ಕದಲ್ಲೇ ಪ್ಲಾಂಟಿನ ವಾಲ್ವುಗಳು. ಅವಕ್ಕೆ ಎರಡು ಪದರದ ಮೈ, ನಡುವಿನ ಸಂದಿಯಲ್ಲಿ ಸದಾ ಸುತ್ತುವ ಬಿಸಿ ಎಣ್ಣೆ. "ಶ್ರೀಮಂತರ ಮಕ್ಳು ಅವು," ಎಂದು ಕಾಕಾ ಅತ್ತ ಗದ್ದ ತಿರುವಿದರು.

ಅರ್ಧ ತಾಸಾಯಿತು. ಟಿಪ್ಪರಿನ ಹುಡುಗರು ಕಮಲಾಪುರದ ಕೆಂಪು ಬಾಳೆಹಣ್ಣು ತಂದು ಹಂಚಿದರು. ಭೌಗೋಳಿಕ ಸೂಚಿಕೆಯ ಗುರುತು ಪಡೆದ ಹಣ್ಣು; ತಿನ್ನುವವರ ಬೆರಳ ತುಂಬ ಮಸಿ. ವಾಲ್ವಿನ ತುಟಿಯಲ್ಲಿ ಮೊದಲು ತೆಳು ಹೊಗೆ ಕಂಡಿತು. ಆಮೇಲೆ ಒಂದು ಕರಿ ಹನಿ ದಪ್ಪಗಾಗಿ, ಜೋತು, ನೂಲಿನಂತೆ ಉದ್ದಕ್ಕೆ ಇಳಿಯಿತು.

"ಅಳ್ಲಾಕತ್ತದ ನೋಡು."

ಉರಿ ಆರಿಸಿ, ಕೈಗೆ ಗೋಣಿತಟ್ಟು ಸುತ್ತಿಕೊಂಡು ಕಾಕಾ ಹಿಡಿಕೆ ತಿರುವಿದರು. ಹುಡುಗ ಅರ್ಧ ತಿಂದ ಹಣ್ಣನ್ನು ಬಾಯಲ್ಲೇ ಕಚ್ಚಿಕೊಂಡು ಪಂಪಿನ ಪೈಪು ಹಿಡಿದು ಓಡಿದ.