‘ಸರ್ವರ್ ಇಲ್ರಿ, ನಾಳೆ ಬರ್ರಿ’: ನಂಬಿಕೆ ಏನು, ಸತ್ಯ ಏನು?

ಮುಂಗಾರು ಹೆಸರು ಬಿತ್ತಿ, ಬೆಳೆ ವಿಮೆ ತುಂಬುವ ಕೊನೆಯ ದಿನ ಹತ್ತಿರ ಬಂದಾಗ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ರೈತರು ಹೆಚ್ಚು ಕೇಳುವ ಮಾತು ‘ಸರ್ವರ್ ಇಲ್ರಿ’. ಪಹಣಿಗೂ ಇದೇ ಉತ್ತರ, ಪಡಿತರಕ್ಕೂ ಇದೇ ಉತ್ತರ. ಹಳ್ಳಿಯಿಂದ ಬಸ್ಸು ಹಿಡಿದು ಬಂದವರಿಗೆ ಇದರಿಂದ ಒಂದು ದಿನದ ದುಡಿಮೆ ಹೋಗುತ್ತದೆ. ಆ ಒಂದು ಮಾತಿನ ಹಿಂದೆ ಹಲವು ಬೇರೆ ಬೇರೆ ಕಾರಣಗಳು ಅಡಗಿರುತ್ತವೆ.

ನಂಬಿಕೆ 1: ‘ಸರ್ವರ್ ಇಲ್ಲ ಅಂದ್ರ ಬೆಂಗಳೂರಾಗಿನ ಯಂತ್ರ ಬಂದ್ ಬಿದ್ದೈತಿ.’

ಸತ್ಯ: ಕೌಂಟರಿನ ಕಂಪ್ಯೂಟರ್, ಇಂಟರ್ನೆಟ್ ಲೈನ್, ವೆಬ್ ಸರ್ವರ್, ತಂತ್ರಾಂಶ, ಕೊನೆಗೆ ಡೇಟಾಬೇಸ್. ಅರ್ಜಿ ಇಷ್ಟೂ ಕಟ್ಟೆ ದಾಟಬೇಕು. ಬೇರೆ ಜಾಲತಾಣಗಳೂ ತೆರೆಯದಿದ್ದರೆ ತೊಂದರೆ ಇಲ್ಲಿಯದೇ. ಅವು ಸಲೀಸಾಗಿ ತೆರೆದು, ಇದೊಂದೇ ನಿಂತರೆ ಪರದೆಯ ಮೇಲಿನ ಸಂಖ್ಯೆ ನೋಡಿ. 503 ಎಂದರೆ ಸದ್ಯ ಕೆಲಸ ತೆಗೆದುಕೊಳ್ಳಲು ಸರ್ವರ್‌ಗೆ ಆಗುತ್ತಿಲ್ಲ. 504 ಎಂದರೆ ಮುಂದಿನ ಸರ್ವರ್ ಎದ್ದೇ ಇದೆ, ಅದರ ಹಿಂದಿನದು ಹೊತ್ತಿಗೆ ಸರಿಯಾಗಿ ಉತ್ತರ ಕೊಡಲಿಲ್ಲ.

ನಂಬಿಕೆ 2: ‘ದೊಡ್ಡ ಯಂತ್ರ ತಂದ್ರ ಎಲ್ಲಾ ಸರಿ ಹೋಗತೈತಿ.’

ಸತ್ಯ: ಬಹಳ ಸಲ ಕುಂಟುವುದು ಡೇಟಾಬೇಸಿನ ಹುಡುಕಾಟ. 2000ದ ಸುಮಾರಿಗೆ ಭೂಮಿ ಯೋಜನೆ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಇಂಥ ಕೋಟಿಗಟ್ಟಲೆ ದಾಖಲೆಗಳ ನಡುವೆ ಒಂದು ಸರ್ವೆ ನಂಬರ್ ಸಿಗಬೇಕಾದರೆ ಇಂಡೆಕ್ಸ್ ಬೇಕು. ಅದಿಲ್ಲದಿದ್ದರೆ ಪ್ರತಿ ಸಲವೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿದಂತೆ. ಲೆಕ್ಕ ನೋಡಿ: ಸೆಕೆಂಡಿಗೆ 40 ಅರ್ಜಿ ಬಂದು, ಒಂದೊಂದಕ್ಕೆ ಅರ್ಧ ಸೆಕೆಂಡ್ ಹಿಡಿದರೆ ಒಮ್ಮೆಗೆ 20 ಸಂಪರ್ಕ ಸಾಕು. ಹುಡುಕಾಟ 5 ಸೆಕೆಂಡಿಗೆ ಏರಿದರೆ ಅಷ್ಟೇ ಅರ್ಜಿಗಳಿಗೆ 200 ಸಂಪರ್ಕ ಬೇಕು. ಜನ ಹೆಚ್ಚಲಿಲ್ಲ, ಪಾಳಿ ಹತ್ತು ಪಟ್ಟು ಬೆಳೆಯಿತು. ಹೀಗಿರುವಾಗ ಮುಂದೆ ಇನ್ನೆರಡು ಸರ್ವರ್ ಸೇರಿಸಿದರೆ ಅದೇ ಡೇಟಾಬೇಸಿನ ಮೇಲೆ ಭಾರ ಇನ್ನೂ ಏರುತ್ತದೆ.

ನಂಬಿಕೆ 3: ‘ಬಂದ್ ಮಾಡಿ ಚಾಲೂ ಮಾಡಿದ್ರ ಮುಗೀತು.’

ಸತ್ಯ: ರೀಸ್ಟಾರ್ಟ್ ಮಾಡಿದರೆ ಪಾಳಿ ಕರಗುತ್ತದೆ, ಕಾರಣ ಕರಗುವುದಿಲ್ಲ. ಆ ಗಳಿಗೆಯಲ್ಲಿ ಯಾವ ಕೆಲಸ ಯಾವುದಕ್ಕಾಗಿ ಕಾಯುತ್ತಿತ್ತು ಎಂಬ ಸಾಕ್ಷಿ ಮಾತ್ರ ಅಳಿಸಿಹೋಗುತ್ತದೆ. ಮೊದಲು ನಿಧಾನ ಹುಡುಕಾಟಗಳ ದಾಖಲೆ, ಮೆಮೊರಿ, ಡಿಸ್ಕ್, ತೆರೆದಿರುವ ಸಂಪರ್ಕಗಳ ಎಣಿಕೆ ಬರೆದಿಟ್ಟುಕೊಳ್ಳಬೇಕು. ರೀಸ್ಟಾರ್ಟ್ ಆಮೇಲೆ.

ನಂಬಿಕೆ 4: ‘ಮತ್ತ ಮತ್ತ ಒತ್ತಿದ್ರ ಬೇಗ ಬರತೈತಿ.’

ಸತ್ಯ: ಒತ್ತಿದ ಪ್ರತಿ ಸಲವೂ ಹೊಸ ಅರ್ಜಿ ಹುಟ್ಟುತ್ತದೆ. ಹಳೆಯದು ಹಿಂದೆ ಇನ್ನೂ ಓಡುತ್ತಲೇ ಇರಬಹುದು. ನೂರು ಮಂದಿ ಮೂರು ಮೂರು ಸಲ ಒತ್ತಿದರೆ ಸರ್ವರ್ ಕಾಣುವುದು ಮುನ್ನೂರು ಅರ್ಜಿ. ಹಣ ಕಟ್ಟುವಾಗ ಎರಡು ಸಲ ಕಡಿತವಾಗುವ ಅಪಾಯವೂ ಉಂಟು.

ನಂಬಿಕೆ 5: ‘ಜನಾ ಭಾಳ ಆದ್ರು, ಅದಕ್ಕ ನಿಂತತಿ.’

ಸತ್ಯ: ಭಾರವೆಲ್ಲ ಜನರದ್ದೇ ಆಗಿರಬೇಕಿಲ್ಲ. 2025ರ ಆರಂಭದಲ್ಲಿ ಕಾವೇರಿ 2.0 ತಂತ್ರಾಂಶ ಕುಂಟಿ, ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಆಸ್ತಿ ನೋಂದಣಿಗೆ ಬಂದವರು ಬರಿಗೈಲಿ ಮರಳಿದರು. ಪರಿಶೀಲಿಸಿದಾಗ ಕಂಡದ್ದು ಸೈಬರ್ ದಾಳಿ: ನಕಲಿ ಖಾತೆಗಳ ಮೂಲಕ, ಸ್ವಯಂಚಾಲಿತ ತಂತ್ರಾಂಶ ಬಳಸಿ, ಋಣಭಾರ ಪ್ರಮಾಣಪತ್ರದ ಹುಡುಕಾಟಗಳನ್ನು ಸುರಿಯಲಾಗಿತ್ತು. ಪ್ರಕರಣ ಸೈಬರ್ ಕ್ರೈಂ ಪೊಲೀಸರಿಗೆ ಹೋಯಿತು. ಯಾವ ಖಾತೆಯಿಂದ ಎಷ್ಟು ಅರ್ಜಿ ಬರುತ್ತಿದೆ ಎಂದು ಎಣಿಸದೆ ಇಂಥದ್ದು ಕಣ್ಣಿಗೆ ಬೀಳುವುದಿಲ್ಲ. ಖಾತೆಗಿಷ್ಟೇ ಎಂಬ ಮಿತಿ ಇಡದೆ ತಡೆಯುವುದೂ ಕಷ್ಟ.

ತಂತ್ರಾಂಶ ನೋಡಿಕೊಳ್ಳುವವರಲ್ಲಿ ಒಂದೇ ಕೋರಿಕೆ: ಮೊದಲು ಅಳೆಯಿರಿ, ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಅಳೆಯಿರಿ. ಕೌಂಟರಿನ ಮುಂದೆ ನಿಂತವರು ದಿನಾಂಕ, ವೇಳೆ, ಪರದೆಯ ಮೇಲಿನ ಸಂಖ್ಯೆ ಮೂರನ್ನೂ ಬರೆದುಕೊಳ್ಳಿ ಅಥವಾ ಫೋಟೊ ತೆಗೆದುಕೊಳ್ಳಿ. ‘ಸರ್ವರ್ ಇಲ್ಲ’ ಎಂಬ ದೂರಿಗೆ ಯಾರೂ ಉತ್ತರ ಹುಡುಕಲಾರರು. ‘ಬೆಳಗ್ಗೆ 11 ಗಂಟೆ 20 ನಿಮಿಷಕ್ಕೆ 504 ಬಂತು’ ಎಂಬ ದೂರಿಗೆ ಹುಡುಕಬಹುದು.